ತಂಗಿ ಮಗಳ ಎಚ್-ಇಂಡೆಕ್ಸ್ 27 ಅಂತೆ, ಊರವರ ಮುಂದೆ ಇದನ್ನ ಏನಂತ ಹೇಳಲಿ?

ನಿವೃತ್ತ ಮೇಷ್ಟ್ರು (ಪಾಂಡವಪುರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ 34 ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು. ಸೈನ್ಸ್ ಮೇಷ್ಟ್ರು ರಜೆ ಹಾಕಿದಾಗ ಅವರ ಪೀರಿಯಡ್ಡು ನನ್ನ ತಲೆಗೆ ಬರ್ತಿತ್ತು, ವಿಜ್ಞಾನಕ್ಕೂ ನನಗೂ ಇರೋ ನಂಟು ಅಷ್ಟೇ. ಈಗ ಒಂದು ಪೇಚಿಗೆ ಸಿಕ್ಕಿಕೊಂಡಿದ್ದೇನೆ.

ಮುಂದಿನ ತಿಂಗಳು ನಮ್ಮೂರ ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿ ನನ್ನ ತಂಗಿ ಮಗಳಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಮೈಸೂರಿನಲ್ಲಿ ಎಂ.ಫಾರ್ಮ ಓದಿ, ಪಿಎಚ್.ಡಿ. ಮುಗಿಸಿ, ಈಗ ಹೈದರಾಬಾದಿನಲ್ಲಿ ನ್ಯೂರೋಫಾರ್ಮಕಾಲಜಿ ವಿಜ್ಞಾನಿ ಆಗಿದ್ದಾಳೆ. ಔಷಧಿಗಳು ಮಿದುಳಿನಲ್ಲಿ ಏನು ಮಾಡ್ತವೆ ಅನ್ನೋದು ಅವಳ ಕಸುಬು, ಅಷ್ಟು ಮಟ್ಟಿಗೆ ನನಗೆ ತಿಳಿದಿದೆ. ಅಭಿನಂದನಾ ಪತ್ರ ಬರೆಯೋದು, ಹತ್ತು ನಿಮಿಷ ಪರಿಚಯ ಮಾಡೋದು ಎರಡನ್ನೂ ನನ್ನ ಕೊರಳಿಗೆ ಕಟ್ಟಿದ್ದಾರೆ. "ಸೋದರಮಾವ, ಅದರಲ್ಲೂ ಕನ್ನಡ ಮೇಷ್ಟ್ರು, ನೀವಲ್ಲದೆ ಇನ್ಯಾರು ಮಾಡ್ತಾರೆ" ಅಂತ.

ಬಯೋಡೇಟಾ ಕಳಿಸಮ್ಮ ಅಂದೆ. ಹದಿನಾಲ್ಕು ಪುಟ ಬಂತು. ಮೊದಲನೇ ಪುಟದಲ್ಲೇ ಲೆಕ್ಕಾಚಾರ: ಪ್ರಕಟಿತ ಪೇಪರುಗಳು 68, ಒಟ್ಟು ಸೈಟೇಶನ್ 3,100, ಎಚ್-ಇಂಡೆಕ್ಸ್ 27, ಐ10-ಇಂಡೆಕ್ಸ್ 49, ಒಟ್ಟು ಇಂಪ್ಯಾಕ್ಟ್ ಫ್ಯಾಕ್ಟರ್ 214. ಇದನ್ನ ಕಮಿಟಿಯವರ ಮುಂದೆ ಓದಿದೆ. ಡೇರಿ ಅಧ್ಯಕ್ಷರು, "68 ಪೇಪರಾ? ಒಂದೂ ನಮ್ಮ ಕಣ್ಣಿಗೆ ಬೀಳ್ಲಿಲ್ವಲ್ಲ ಮೇಷ್ಟ್ರೇ, ಯಾವ ಪೇಪರಲ್ಲಿ ಬಂದಿದ್ವು?" ಅಂದರು. ನನ್ನ ಹಳೇ ಶಿಷ್ಯನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇಂಡೆಕ್ಸು 27 ಅಂದ್ರೆ 35ಕ್ಕೂ ಕಮ್ಮಿ ಆಯ್ತಲ್ಲ ಸಾ, ಅದೊಂದನ್ನ ಬಿಟ್ಬುಡಿ, ಮರ್ಯಾದೆ ಪ್ರಶ್ನೆ" ಅಂದ. ನಗಬೇಡಿ. ವರ್ಷಗಟ್ಟಲೆ ಅಂಕಪಟ್ಟಿ ತುಂಬಿದ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ಇಷ್ಟರ ಮಧ್ಯೆ ಹುಡುಗರು ಫ್ಲೆಕ್ಸ್ ಬೇರೆ ಮಾಡಿಸಿಬಿಟ್ಟಿದ್ದಾರೆ. "ಒಂದೆಲಗದಿಂದ ಜ್ಞಾಪಕಶಕ್ತಿಗೆ ಔಷಧಿ ಕಂಡುಹಿಡಿದ ನಮ್ಮೂರ ಹೆಮ್ಮೆಯ ಪುತ್ರಿ." ಬಯೋಡೇಟಾದಲ್ಲಿ ಬ್ರಾಹ್ಮಿ ಅಂತ ಎಲ್ಲೋ ಕಂಡಿತಂತೆ, ಅಲ್ಲಿಂದ ಈ ಸಾಲು ಹುಟ್ಟಿದೆ.

ಈ 27 ದೊಡ್ಡದೋ ಚಿಕ್ಕದೋ? ಈ ಅಂಕಿಗಳನ್ನ ಕಬ್ಬು ಕಡಿಯೋರು, ಹಾಲು ಹಾಕೋರು ಕೂತಿರೋ ಸಭೇಲಿ ಹೇಳಬಹುದೋ, ಇಲ್ಲ ಬಿಟ್ಟುಬಿಡೋದೇ ವಾಸಿಯೋ? ಅವಳನ್ನೇ ಕೇಳಿದರೆ "ಮಾಮ, ನಂಬರೆಲ್ಲ ಬೇಡ, ಸುಮ್ನೆ ಇರಿ" ಅಂತಾಳೆ. ತಿಳಿದವರು ದಾರಿ ತೋರಿಸಿ.

ಇಲಿಗೂಡು (ಮೈಸೂರು):

ಸಾರ್, ನಮಸ್ತೆ. ನಾನು ಇಲ್ಲೇ ಮೈಸೂರಿನಲ್ಲಿ ಫಾರ್ಮಕಾಲಜಿ ಪಿಎಚ್.ಡಿ. ಮೂರನೇ ವರ್ಷ. ನನ್ನ ಎಚ್-ಇಂಡೆಕ್ಸ್ 2. ಆದ್ದರಿಂದ 27 ಅಂದ್ರೆ ಫೇಲ್ ಅಂತ ದಯವಿಟ್ಟು ಹೇಳಬೇಡಿ, ನಮ್ಮಪ್ಪನ ಕಿವಿಗೆ ಬಿದ್ದರೆ ಕಷ್ಟ.

ಡೇರಿ ಅಧ್ಯಕ್ಷರಿಗೆ ಡೇರಿ ಲೆಕ್ಕದಲ್ಲೇ ಹೇಳಿ. ನಿಮ್ಮೂರಲ್ಲಿ ಕನಿಷ್ಠ 27 ಮನೆಯವರು ದಿನಕ್ಕೆ ತಲಾ 27 ಲೀಟರೋ ಅದಕ್ಕಿಂತ ಹೆಚ್ಚೋ ಹಾಲು ಹಾಕಿದರೆ ಊರಿನ ಎಚ್-ಇಂಡೆಕ್ಸ್ 27. ಒಬ್ಬರೇ 500 ಲೀಟರ್ ಹಾಕಿದರೂ ಅದು ಮೇಲೇಳಲ್ಲ. ನೂರು ಮನೆಯವರು ಎರಡೆರಡು ಲೀಟರ್ ಹಾಕಿದರೆ ಬರೀ 2. ಇಲ್ಲಿ ಮನೆ ಅಂದರೆ ಪೇಪರು, ಅಂದರೆ ಸಂಶೋಧನಾ ಲೇಖನ. ಹಾಲು ಅಂದರೆ ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಆ ಪೇಪರನ್ನ ಹೆಸರಿಸಿದ ಸಲ, ಅದೇ ಸೈಟೇಶನ್. ಅಂದರೆ ನಿಮ್ಮ ತಂಗಿ ಮಗಳ 27 ಪೇಪರುಗಳನ್ನ ಒಂದೊಂದನ್ನೂ ಕಡಿಮೆ ಅಂದರೆ 27 ಸಲ ಬೇರೆಯವರು ಉಲ್ಲೇಖಿಸಿದ್ದಾರೆ. ಐ10 ಅಂದ್ರೆ ಹತ್ತು ಲೀಟರೋ ಅದಕ್ಕಿಂತ ಹೆಚ್ಚೋ ಹಾಕಿದ ಮನೆಗಳ ಸಂಖ್ಯೆ, ಅಷ್ಟೇ. ಎಚ್-ಇಂಡೆಕ್ಸನ್ನ 2005ರಲ್ಲಿ ಹೊರತಂದಿದ್ದು ಕ್ಯಾಲಿಫೋರ್ನಿಯಾದ ಹಿರ್ಷ್ ಅಂತ, ಅವರು ಭೌತವಿಜ್ಞಾನಿ. ಔಷಧಿಗೂ ಅವರಿಗೂ ಸಂಬಂಧ ಇಲ್ಲ.

ಈ ಅಂಕಿ ಗೂಗಲ್ ಸ್ಕಾಲರ್‌ದೋ ಸ್ಕೋಪಸ್‌ದೋ ಅಂತ ಒಂದು ಮಾತು ಕೇಳಿ, ಎರಡೂ ಆನ್‌ಲೈನಿನಲ್ಲಿ ಉಲ್ಲೇಖ ಎಣಿಸಿಡೋ ಜಾಗಗಳು. ಗೂಗಲ್ ಥೀಸಿಸ್, ಪುಸ್ತಕ, ಅದು ಇದು ಎಲ್ಲಾನೂ ಎಣಿಸುತ್ತೆ, ಅಲ್ಲಿ ಯಾವಾಗಲೂ ಸ್ವಲ್ಪ ಜಾಸ್ತಿ. ಐ10 ಇದೆ ಅಂದಮೇಲೆ ಬಹುಶಃ ಗೂಗಲ್‌ದೇ.

ಇನ್ನೊಂದು, ನಮ್ಮ ಕಡೆಯ ಹೆಸರಿನ ರಗಳೆ. ನಮಗೆ ಸರ್‌ನೇಮ್ ಇಲ್ಲ, ಊರಿನದೊಂದು ಅಪ್ಪನದೊಂದು ಇನಿಶಿಯಲ್. ನನ್ನ ಪ್ರೊಫೈಲ್‌ಗೆ ಗೂಗಲ್ ತಾನಾಗೇ ಸಿಮೆಂಟ್ ಇಟ್ಟಿಗೆ ಬಗ್ಗೆ ಎರಡು ಪೇಪರ್ ಸೇರಿಸಿತ್ತು. ಇನ್ಯಾರೋ ಕುಮಾರ್ ಎಸ್. ಪುಣ್ಯಾತ್ಮರದು. ತೆಗೆದು ಹಾಕಿದೆ, ಆಗ ನನ್ನ ಎಚ್-ಇಂಡೆಕ್ಸ್ 3ರಿಂದ 2ಕ್ಕೆ ಇಳಿಯಿತು! ಅದಕ್ಕೇ ಆರ್ಕಿಡ್ ಅಂತ 16 ಅಂಕಿಯ ಗುರುತಿನ ಸಂಖ್ಯೆ ಕೊಡ್ತಾರೆ, ನಮ್ಮ ಆಧಾರ್ ಥರ. ಅಕ್ಕನ ಬಯೋಡೇಟಾದಲ್ಲೂ ಇರುತ್ತೆ ನೋಡಿ.

ಪುಸ್ತಕದ ಮನೆ (ಮಂಡ್ಯ):

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡೋಳು. ಮೇಷ್ಟ್ರೇ, ಆ "ಒಟ್ಟು ಇಂಪ್ಯಾಕ್ಟ್ ಫ್ಯಾಕ್ಟರ್ 214" ಅನ್ನೋ ಸಾಲನ್ನ ಮಾತ್ರ ಕಣ್ಣುಮುಚ್ಚಿ ಹೊಡೆದು ಹಾಕಿ. ಅದು ಅವರ ಅಂಕ ಅಲ್ಲ, ಲೇಖನ ಅಚ್ಚಾದ ಸಂಶೋಧನಾ ಪತ್ರಿಕೆಯ ಅಂಕ. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಅನ್ನೋದು ಇಂಪ್ಯಾಕ್ಟ್ ಫ್ಯಾಕ್ಟರ್. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ಇದರ ಮೊದಲ ಯೋಚನೆ ಮುಂದಿಟ್ಟರು. ಆಮೇಲೆ ಅದು ಬಳಕೆಗೆ ಬಂದಿದ್ದು ನಮ್ಮಂಥ ಲೈಬ್ರರಿಯವರು ಯಾವ ಪತ್ರಿಕೆ ತರಿಸಬೇಕು ಅಂತ ತೀರ್ಮಾನಿಸೋಕೆ. ಅದನ್ನ ಒಬ್ಬರ ಹೆಸರಿಗೆ ಕೂಡಿಸೋದು ಹೇಗಪ್ಪಾ ಅಂದರೆ, ಜೀವಮಾನದಲ್ಲಿ ಓಡಾಡಿದ ಕೆಂಪು ಬಸ್ಸುಗಳ ಸೀಟ್ ನಂಬರನ್ನೆಲ್ಲ ಕೂಡಿ ಇಷ್ಟು ಪ್ರಯಾಣ ಮಾಡಿದೆ ಅಂದ ಹಾಗೆ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಇದೇ ಮಾತನ್ನ ಘೋಷಣೆ ಮಾಡಿದರು, ಪತ್ರಿಕೆಯ ಅಂಕಿಯಿಂದ ವ್ಯಕ್ತಿಯನ್ನ ಅಳೆಯಬೇಡಿ ಅಂತ. ನಮ್ಮ ಅರ್ಜಿ ಫಾರಂಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಹುಡುಗಿ ತಪ್ಪಲ್ಲ, ಕಾಲಂ ಇದ್ದರೆ ತುಂಬಲೇಬೇಕಲ್ಲ.

ಕಹಿಬೇವು:

ಎಲ್ಲಾ ಸರಿ. ಆದರೆ ಈಗ ದುಡ್ಡು ಬಿಸಾಕಿದರೆ ವಾರದಲ್ಲಿ ಪೇಪರ್ ಪ್ರಿಂಟ್ ಆಗುತ್ತೆ ಅನ್ನೋದನ್ನೂ ಹೇಳ್ರಪ್ಪ. ನೀನು ನಂದು ಬರಿ, ನಾನು ನಿಂದು ಬರೀತೀನಿ ಅಂತ ಸೈಟೇಶನ್ ಮುಯ್ಯಿ ಬೇರೆ. ವರ್ಷಾ ವರ್ಷ "ವಿಶ್ವದ ಶೇ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿ" ಅಂತ ಪತ್ರಿಕೆ ತುಂಬಾ ಫೋಟೊ. 68 ಪೇಪರ್ ನೋಡಿ ಬೆರಗಾಗೋ ಕಾಲ ಹೋಯ್ತು.

ಪುಸ್ತಕದ ಮನೆ (ಮಂಡ್ಯ):

ಕಹಿಬೇವಿನವರೇ, ದುಡ್ಡಿಗೆ ಅಚ್ಚು ಹಾಕೋ ಪತ್ರಿಕೆಗಳು ಇವೆ, ಸುಳ್ಳಲ್ಲ. ಅವುಗಳ ಪಟ್ಟಿ ಮಾಡಿ ಹೆಸರಾದವರೂ ನಮ್ಮ ವೃತ್ತಿಯವರೇ, ಅಮೆರಿಕದ ಜೆಫ್ರಿ ಬೀಲ್. 2017ರಲ್ಲಿ ಆ ಪಟ್ಟಿ ಮುಚ್ಚಿತು. ನಮ್ಮಲ್ಲಿ ಪಿಎಚ್.ಡಿ.ಗೆ ಪೇಪರ್ ಕಡ್ಡಾಯ ಅಂತಿದ್ದ ನಿಯಮವನ್ನ ಯುಜಿಸಿ 2022ರಲ್ಲಿ ಕೈಬಿಟ್ಟಿತು. ಆದರೆ ಆ ಶೇ 2ರ ಪಟ್ಟಿ ನೀವು ಅಂದುಕೊಂಡಷ್ಟು ಪೊಳ್ಳಲ್ಲ. ಸ್ಟ್ಯಾನ್‌ಫರ್ಡ್‌ನ ಐಯೊನಿಡಿಸ್ ತಂಡ ಸ್ಕೋಪಸ್ ಮಾಹಿತಿಯಿಂದ ಮಾಡೋದು. ಅದರಲ್ಲಿ ತನ್ನನ್ನ ತಾನೇ ಉಲ್ಲೇಖಿಸಿಕೊಂಡಿದ್ದನ್ನ ಕಳೆದರೆ ಎಷ್ಟು ಉಳಿಯುತ್ತೆ ಅಂತಲೂ ತೋರಿಸ್ತಾರೆ. ಒಂದು ವರ್ಷದ ಪಟ್ಟಿ ಬೇರೆ, ಇಡೀ ವೃತ್ತಿಜೀವನದ ಪಟ್ಟಿ ಬೇರೆ. ಹಾರ ತುರಾಯಿ ಹಾಕೋರು ಯಾವ ಪಟ್ಟಿ ಅಂತ ಕೇಳಲ್ಲ, ಗಲಾಟೆ ಇರೋದು ಅಲ್ಲಿ.

ಹಳೇ ಫಾರ್ಮಕಾಲಜಿ (ಸರಸ್ವತಿಪುರಂ):

ಮೇಷ್ಟ್ರೇ, ನಮಸ್ಕಾರ. ನಾನೂ ನಿಮ್ಮ ಹಾಗೆ ಪಾಠ ಹೇಳಿ ಬದುಕಿದವನು, ಔಷಧಶಾಸ್ತ್ರ. ಅಂಕಿ ಅಂಶ ಆಮೇಲೆ. ಮೊದಲು ಆ ಫ್ಲೆಕ್ಸ್ ಇಳಿಸಿ!

ಒಂದೆಲಗ ಬೇರೆ, ನೀರುಬ್ರಾಹ್ಮಿ ಬೇರೆ. ನಾವು ತಂಬುಳಿ, ಚಟ್ನಿ ಮಾಡೋ, ಒಂದೊಂದು ತೊಟ್ಟಿಗೆ ಒಂದೊಂದು ದುಂಡನೆಯ ಎಲೆ ಇರೋದು ಒಂದೆಲಗ, ಸೆಂಟೆಲ್ಲಾ ಏಷ್ಯಾಟಿಕಾ. ಗದ್ದೆ ಬದುವಿನ ತೇವದಲ್ಲಿ ಹರಡಿಕೊಂಡು, ಪುಟ್ಟ ದಪ್ಪ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂ ಬಿಡೋದು ನೀರುಬ್ರಾಹ್ಮಿ, ಬಕೋಪಾ ಮೊನಿಯೇರಿ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ನೆನಪಿನ ಶಕ್ತಿಗೆ ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದು ಈ ಎರಡನೆಯದರ ಮೇಲೆ, ಅದರಲ್ಲಿರೋ ಬಕೊಸೈಡ್ ಅನ್ನೋ ರಾಸಾಯನಿಕಗಳ ಮೇಲೆ. ಬ್ರಾಹ್ಮಿ ಅನ್ನೋ ಒಂದೇ ಹೆಸರಿಂದ ಎರಡನ್ನೂ ಕರೀತಾರೆ, ಅಲ್ಲೇ ಎಡವಟ್ಟು. ಆ ಹುಡುಗಿ ವೇದಿಕೆ ಹತ್ತಿ ಆ ಫ್ಲೆಕ್ಸ್ ನೋಡಿದರೆ, ಕನ್ನಡ ಮೇಷ್ಟ್ರ ಸನ್ಮಾನಕ್ಕೆ "ಸನ್ಮಾಣ" ಅಂತ ಬರೆದಿದ್ದಷ್ಟೇ ಸಂಕಟ ಆಗುತ್ತೆ.

ಆಮೇಲೆ "ಔಷಧಿ ಕಂಡುಹಿಡಿದ" ಅನ್ನೋದು. ಇಲಿಗಳನ್ನ ನೀರಿನ ತೊಟ್ಟಿಗೆ ಬಿಡ್ತಾರೆ. ನೀರೊಳಗೆ ಕಾಣದ ಹಾಗೆ ಒಂದು ಮಣೆ ಇರುತ್ತೆ. ಮೊದಲ ದಿನ ಇಲಿ ಸುತ್ತಿ ಸುತ್ತಿ ಸುಸ್ತಾಗುತ್ತೆ, ನಾಲ್ಕೈದು ದಿನದಲ್ಲಿ ನೇರ ಮಣೆಗೇ ಹೋಗುತ್ತೆ. ಎಷ್ಟು ಸೆಕೆಂಡಿನಲ್ಲಿ ಹೋಯಿತು ಅಂತ ಬರ್ಕೋತಾರೆ. 1981ರಲ್ಲಿ ರಿಚರ್ಡ್ ಮಾರಿಸ್ ಅನ್ನೋ ಬ್ರಿಟಿಷ್ ವಿಜ್ಞಾನಿ ವಿವರಿಸಿದ ಪರೀಕ್ಷೆ ಇದು. ಗಿಡದ ಸಾರ ತಿಂದ ಇಲಿ ಬೇಗ ಹೋಯಿತು ಅಂದರೆ ಅದೊಂದು ಸುಳಿವು. ಅಲ್ಲಿಂದ ಮನುಷ್ಯರ ಮಾತ್ರೆಗೆ ಇರೋ ದಾರಿ ಪಾಂಡವಪುರದಿಂದ ಕಾಶಿಗೆ ನಡೆದ ಹಾಗೆ. ಹೊರಟವರೆಲ್ಲ ಮುಟ್ಟೋದಿಲ್ಲ.

ಈಗ ಸೈಟೇಶನ್ ವಿಷಯ. ಪ್ರಪಂಚದಲ್ಲಿ ಅತಿ ಹೆಚ್ಚು ಉಲ್ಲೇಖ ಸಿಕ್ಕಿದ ಪೇಪರ್ ನಮ್ಮ ಪಂಗಡದವರದೇ ಅಂತ ನಾನು ಪ್ರತಿ ವರ್ಷ ಹೊಸ ಹುಡುಗರಿಗೆ ಜಂಬದಿಂದ ಹೇಳ್ತಿದ್ದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ವಿಭಾಗದ ಮುಖ್ಯಸ್ಥರಾಗಿದ್ದ ಆಲಿವರ್ ಲೌರಿ 1951ರಲ್ಲಿ ಬರೆದದ್ದು. ಮೂರು ಲಕ್ಷ ದಾಟಿದೆ. ಏನು ಕಂಡುಹಿಡಿದರು? ಒಂದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೀಲಿ ಬಣ್ಣ ಬರಿಸಿ ಅಳೆಯೋ ವಿಧಾನ. ಅದೇನು ಮಹಾ ಪೇಪರ್ ಅಲ್ಲ ಅಂತ ಅವರೇ ಹೇಳಿಕೊಂಡಿದ್ದರು. ನಿಮ್ಮ ಹುಡುಗಿಯೂ ಇಲಿಯ ಮಿದುಳನ್ನ ಅರೆದು ಲೌರಿ ಮಾಡಿರ್ತಾಳೆ. 1961ರ ಎಲ್‌ಮನ್ ವಿಧಾನದಲ್ಲಿ ಹಳದಿ ಬಣ್ಣ ನೋಡಿ ಕೊಲಿನೆಸ್ಟರೇಸ್ ಅನ್ನೋ ಕಿಣ್ವವನ್ನೂ ಅಳೆದಿರ್ತಾಳೆ. ಅಡುಗೆಮನೆಯ ಸೇರು ಪಾವಿನ ಹಾಗೆ ಇವು. ದಿನಾ ಬಳಸ್ತಾರೆ, ಬಳಸಿದಾಗೆಲ್ಲ ಹೆಸರು ಬರೀತಾರೆ.

ಇನ್ನೊಂದು ಬದಿ ನೋಡಿ. ಸರ್ಪಗಂಧಿ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಕೆಲಸ ಮಾಡುತ್ತೆ ಅಂತ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದರು. ಪ್ರಕಟವಾಗಿದ್ದು ಒಂದು ಭಾರತೀಯ ವೈದ್ಯ ಪತ್ರಿಕೆಯಲ್ಲಿ. ಹೊರಗಿನವರು ತಿರುಗಿ ನೋಡಲಿಲ್ಲ. ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಪ್ರಪಂಚ ಕಣ್ಣುಬಿಟ್ಟಿತು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಆ ಬೇರಿನಿಂದ ರೆಸರ್ಪಿನ್ ಅನ್ನೋ ರಾಸಾಯನಿಕ ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಇದೇ ರೆಸರ್ಪಿನ್ ಕೊಟ್ಟು ಮೊಲಗಳನ್ನ ಮರಗಟ್ಟಿಸಿ, ಡೋಪಾ ಅನ್ನೋ ಇನ್ನೊಂದು ರಾಸಾಯನಿಕ ಕೊಟ್ಟು ಮತ್ತೆ ಓಡಾಡೋ ಹಾಗೆ ಮಾಡಿದರು. ನೇಚರ್ ಪತ್ರಿಕೆಯಲ್ಲಿ ಬಂದ ಆ ಬರಹ ಬಲು ಚಿಕ್ಕದು. ಆಗಿನ ಹಿರಿಯರು ನಂಬಲೂ ಇಲ್ಲ. ನೊಬೆಲ್ ಬಂದಿದ್ದು 2000ದಲ್ಲಿ, 43 ವರ್ಷಕ್ಕೆ. ನಿಮ್ಮೂರಲ್ಲಿ ಕೈ ನಡುಕದ ಕಾಯಿಲೆಗೆ ಮಾತ್ರೆ ತಗೊಳ್ಳೋ ಅಜ್ಜ ಯಾರಾದರೂ ಇದ್ದರೆ, ಆ ಮಾತ್ರೆಯೊಳಗೆ ಇರೋದು ಇದೇ ಡೋಪಾ. ಅಜ್ಜ ಮಾತ್ರೆ ನುಂಗಿದ್ದು ಯಾವ ಸೈಟೇಶನ್ ಲೆಕ್ಕಕ್ಕೂ ಬರಲ್ಲ.

ಕಹಿಬೇವಿನವರ ಮಾತಿಗೆ ನಾನೂ ಒಂದಿಷ್ಟು ಬೇವು ಸೇರಿಸ್ತೀನಿ. ಒಳ್ಳೇ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಗಟ್ಟಿ ಅಂತಲ್ಲ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ, ಎಕ್ಸ್ಟಸಿ ಅನ್ನೋ ಮಾದಕವಸ್ತು ಮಂಗಗಳ ಮಿದುಳಿನಲ್ಲಿ ಡೋಪಮಿನ್ ಅನ್ನೋ ರಾಸಾಯನಿಕದಿಂದ ಸಂದೇಶ ಕಳಿಸೋ ನರಗಳನ್ನ ಹಾಳು ಮಾಡುತ್ತೆ ಅಂತ ಜಾನ್ಸ್ ಹಾಪ್ಕಿನ್ಸ್‌ನ ರಿಕಾರ್ಟೆ ತಂಡ ಬರೆಯಿತು. ದೊಡ್ಡ ಸುದ್ದಿ ಆಯಿತು. ಮಾರನೇ ವರ್ಷ ವಾಪಸ್ ತಗೊಂಡರು. ಯಾಕೆ ಗೊತ್ತೇ, ಬಾಟಲಿಯ ಚೀಟಿ ಅದಲುಬದಲಾಗಿತ್ತು. ಮಂಗಗಳಿಗೆ ಕೊಟ್ಟಿದ್ದು ಮೆಥಾಂಫೆಟಮಿನ್ ಅನ್ನೋ ಬೇರೆಯೇ ಮಾದಕವಸ್ತು! ನನ್ನ ಲ್ಯಾಬಿನಲ್ಲಿ ಚೀಟಿ ಇಲ್ಲದ ಬಾಟಲಿ ಕಂಡರೆ ಸಿಂಕಿಗೆ ಸುರೀತಿದ್ದೆ, ಹುಡುಗರು ಶಾಪ ಹಾಕ್ತಿದ್ದರು. ಅಲ್‌ಜೈಮರ್ ಅನ್ನೋ ಮರೆವಿನ ಕಾಯಿಲೆ ಬಗ್ಗೆ 2006ರಲ್ಲಿ ನೇಚರ್‌ನಲ್ಲಿ ಬಂದ ಲೆಸ್ನೆ ಅವರ ಪೇಪರ್ ಅಂತೂ ಸಾವಿರಾರು ಉಲ್ಲೇಖ ಗಳಿಸಿತ್ತು. ಚಿತ್ರಗಳನ್ನ ತಿದ್ದಿದ್ದು ಹೊರಬಿದ್ದು 2024ರಲ್ಲಿ ಹಿಂದಕ್ಕೆ ಹೋಯಿತು. ವರ್ಷಗಟ್ಟಲೆ ಜನ ಅದನ್ನ ನಂಬಿ ಮೇಲೆ ಮೇಲೆ ಕಟ್ಟಿದರು.

ನೀವು ಫೋನ್ ಮಾಡಿ ಅವಳನ್ನ ಹೀಗೆ ಕೇಳಿ: ಅಮ್ಮಾ, ನಿನ್ನ ಯಾವ ಕೆಲಸವನ್ನ ಬೇರೆ ಲ್ಯಾಬಿನವರು ತಾವೂ ಮಾಡಿ ನೋಡಿದರು? ಅವಳ ಹೆಸರು ಲೇಖಕರ ಸಾಲಿನಲ್ಲಿ ಎಲ್ಲಿದೆ ಅಂತಲೂ ನೋಡಿ. ನಮ್ಮಲ್ಲಿ ಮೊದಲ ಹೆಸರು ಕೈ ಕೆಸರು ಮಾಡಿಕೊಂಡವರದು, ಕೊನೆಯದು ಲ್ಯಾಬ್ ನಡೆಸೋ ಯಜಮಾನರದು. ನಡುವೆ ಇರೋರು ರಕ್ತ ತೆಗೆದುಕೊಟ್ಟವರಿಂದ ಹಿಡಿದು ಉಪಕರಣ ಎರವಲು ಕೊಟ್ಟವರ ತನಕ ಯಾರಾದರೂ ಆಗಬಹುದು.

ನಿವೃತ್ತ ಮೇಷ್ಟ್ರು (ಪಾಂಡವಪುರ ತಾಲ್ಲೂಕು):

ಎಲ್ಲರಿಗೂ ಕೈಮುಗಿದೆ. ಹಾಲಿನ ಲೆಕ್ಕವನ್ನ ಅಧ್ಯಕ್ಷರಿಗೆ ಒಪ್ಪಿಸಿದೆ. ಐದು ನಿಮಿಷ ಸುಮ್ಮನೆ ಕೂತಿದ್ದು, "ಹಂಗಾದ್ರೆ ನಮ್ಮೂರ ಡೇರಿದು ಒಂಬತ್ತೋ ಹತ್ತೋ ಆಗ್ಬೋದು. 27 ಅಂದ್ರೆ ಹುಡುಗಾಟನಾ?" ಅಂದರು. ಈಗ ಅವರೇ ಎಲ್ಲರಿಗೂ ಹೇಳ್ಕೊಂಡು ತಿರುಗ್ತಾ ಇದ್ದಾರೆ.

ಸರಸ್ವತಿಪುರಂ ಗುರುಗಳು ಹೇಳಿದ ಪ್ರಶ್ನೆಯನ್ನ ರಾತ್ರಿ ಫೋನ್ ಮಾಡಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಮಾಮ, ಇದನ್ನ ಯಾರು ಹೇಳಿಕೊಟ್ಟರು ನಿಮಗೆ?" ಅಂದಳು. ಹತ್ತು ನಿಮಿಷಕ್ಕೆ ಅಂತ ಮಾಡಿದ ಫೋನು ಮುಕ್ಕಾಲು ಗಂಟೆ ಆಯಿತು.

ಅವಳ ಅತಿ ಹೆಚ್ಚು ಉಲ್ಲೇಖದ ಪೇಪರು ಪ್ರಯೋಗದ್ದೇ ಅಲ್ಲವಂತೆ. 2020ರ ಲಾಕ್‌ಡೌನಿನಲ್ಲಿ ಲ್ಯಾಬ್ ಮುಚ್ಚಿದಾಗ ಮನೇಲಿ ಕೂತು, ಬೇರೆಯವರ ಕೆಲಸವನ್ನೆಲ್ಲ ಓದಿ ಬರೆದ ಸಮೀಕ್ಷೆ. "ನಮ್ಮಮ್ಮನ ಮನೇಲಿ, ಅಟ್ಟದ ಮೇಲೆ ಕೂತು ಬರೆದಿದ್ದು ಮಾಮ, ಬರೀ ಓದಿದ್ದು" ಅಂತ ನಕ್ಕಳು. ಅವಳಿಗೆ ಇಷ್ಟವಾದ ಪೇಪರಿಗೆ ಸಿಕ್ಕಿರೋದು 19. ಎರಡು ವರ್ಷ ಕಷ್ಟಪಟ್ಟು ಕೊನೆಗೆ "ಈ ಸಾರದಿಂದ ಇಲಿಗಳ ನೆನಪು ಸುಧಾರಿಸಲಿಲ್ಲ" ಅಂತ ಬರೆದದ್ದಂತೆ. ಯಾವ ಗೂಡಿನ ಇಲಿಗೆ ಸಾರ ಕೊಟ್ಟಿದೆ, ಯಾವುದಕ್ಕೆ ಬರೀ ನೀರು ಅನ್ನೋದು ಗಡಿಯಾರ ಹಿಡಿದವರಿಗೇ ಗೊತ್ತಾಗದ ಹಾಗೆ ಮಾಡಿದ್ದರಂತೆ. ಎರಡು ಪತ್ರಿಕೆಯವರು ಬೇಡ ಅಂದು, ಮೂರನೆಯವರು ತಗೊಂಡರು. ಆಮೇಲೆ ಯಾವುದೋ ಊರಿನ ಒಬ್ಬ ವಿದ್ಯಾರ್ಥಿನಿ ಈಮೇಲ್ ಬರೆದಿದ್ದಳಂತೆ, "ಮೇಡಂ, ನಮಗೂ ಹಾಗೇ ಬಂತು, ನಾನು ಏನೋ ತಪ್ಪು ಮಾಡಿದೆ ಅಂತ ಆರು ತಿಂಗಳಿಂದ ಅಳ್ತಾ ಇದ್ದೆ" ಅಂತ. ಆ ಈಮೇಲನ್ನ ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ಭಾಷಣದಲ್ಲಿ ಅದನ್ನೇ ಹೇಳ್ತೀನಿ, 27 ಒಂದು ವಾಕ್ಯ ಬರಲಿ, ಅಧ್ಯಕ್ಷರ ಸಮಾಧಾನಕ್ಕೆ. 214 ಹೊಡೆದು ಹಾಕಿದೆ. "ಸಂಶೋಧನಾ ಲೇಖನ" ಅಂತ ಬರೆದಿದ್ದೇನೆ, ಪೇಪರ್ ಅಂತ ಬರೆದರೆ ಮತ್ತೆ ಗೊಂದಲ.

ಫ್ಲೆಕ್ಸ್ ಮಾತ್ರ ಪೂರ್ತಿ ಸರಿ ಆಗಿಲ್ಲ. ಹುಡುಗರು "ಒಂದೆಲಗದಿಂದ" ಮತ್ತು "ಔಷಧಿ ಕಂಡುಹಿಡಿದ" ಎರಡರ ಮೇಲೂ ಸ್ಟಿಕ್ಕರ್ ಅಂಟಿಸಿದ್ದಾರೆ. ಈಗ "ನೀರುಬ್ರಾಹ್ಮಿ, ಜ್ಞಾಪಕಶಕ್ತಿ ಕುರಿತು ಸಂಶೋಧನೆ ಮಾಡಿದ ನಮ್ಮೂರ ಹೆಮ್ಮೆಯ ಪುತ್ರಿ" ಅಂತ ಇದೆ. ಆದರೆ ಮೂಲೆಯಲ್ಲಿರೋ ಗಿಡದ ಚಿತ್ರ ಇನ್ನೂ ಒಂದೆಲಗದ್ದೇ, ದುಂಡಗೆ ನಗ್ತಾ ಇದೆ. ಅಂಗಡಿಯವನು ಬೇರೆ ಫೋಟೊ ಕೊಟ್ಟರೆ ಅದನ್ನೂ ಅಂಟಿಸಿಕೊಡ್ತೀನಿ ಅಂದಿದ್ದಾನೆ. ನೀರುಬ್ರಾಹ್ಮಿಯ ಒಳ್ಳೇ ಫೋಟೊ ಯಾರ ಹತ್ತಿರವಾದರೂ ಇದೆಯೇ?

ಇಲಿಗೂಡು (ಮೈಸೂರು):

ಸಾರ್, ನಮ್ಮ ಲ್ಯಾಬಿನ ಹಿಂದೆ ನಲ್ಲಿ ಸೋರೋ ಜಾಗದಲ್ಲಿ ಬೆಳೆದಿದೆ. ಹೂವೂ ಬಿಟ್ಟಿದೆ. ಬೆಳಿಗ್ಗೆ ಬಿಸಿಲು ಬಂದ ತಕ್ಷಣ ತೆಗೆದು ಕಳಿಸ್ತೀನಿ. ಆ 19ರ ಪೇಪರ್ ಹೆಸರು ಏನು ಅಂತ ಅಕ್ಕನ್ನ ಕೇಳಿ ಹೇಳ್ತೀರಾ? ನನ್ನ ಇಲಿಗಳೂ ಮಣೆಗೆ ಹೋಗ್ತಾ ಇಲ್ಲ.